ಮನಿಲಾಕ್ಕೆ, ಹದಿನಾಲ್ಕನೇ ನಂಬರ್ ನೋಡಲು

ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು ಏನೇನು ನೋಡಿದಿರಿ ಅಂತ. ನಾನು ಫಿಲಿಪ್ಪೀನ್ಸ್‌ಗೆ ಹೋಗಿ ಒಂದು ಕೋಟೆ ನೋಡಲಿಲ್ಲ, ಸಮುದ್ರದ ನೀರಿಗೆ ಕಾಲು ಅದ್ದಲಿಲ್ಲ. ಎರಡು ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಿದೆ. ಒಬ್ಬರ ಮನೆಯಲ್ಲಿ ಊಟ ಮಾಡಿದೆ. ಅದೇ ಮನೆಯ ಮಗನನ್ನು ಅವನ ತಾಯಿಯ ಎದುರಿಗೇ ನೋಯಿಸಿದೆ. ಅಷ್ಟೇ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪೀಟಿ ಮಿಸ್ಸು. ಶಾಲೆಗಳೆಲ್ಲ ಮುಚ್ಚಿದ್ದ ಆ ವರ್ಷ ಓಡಿಸಲು ಮಕ್ಕಳಿಲ್ಲದೆ, ಮನೆಯೊಳಗೆ ಅತ್ತಿಂದಿತ್ತ ತಿರುಗುತ್ತ ಫೋನಿನಲ್ಲಿ ಏನೇನೋ ನೋಡುತ್ತಿದ್ದಾಗ ಮನಿಲಾದ ಪಂದ್ಯವೊಂದು ಸಿಕ್ಕಿತು. ಅಲ್ಲಿ ರಾತ್ರಿ ಏಳಕ್ಕೆ ಶುರುವಾದರೆ ನಮಗೆ ಸಂಜೆ ನಾಲ್ಕೂವರೆ. ಶಾಲೆ ತೆರೆದ ಮೇಲೂ ಆ ಹೊತ್ತು ನನಗೆ ಒಗ್ಗಿಕೊಂಡಿತು. ಅಮೆರಿಕದ ಆಟಗಾರರನ್ನು ನೋಡಿದರೆ ಅವರು ಬೇರೆಯೇ ಸೃಷ್ಟಿ ಅನ್ನಿಸುತ್ತದೆ. ಮನಿಲಾದವರು ಹಾಗಲ್ಲ. ನಮ್ಮ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟರೆ ಅರ್ಧ ಜನ ಗುಂಪಿನಲ್ಲಿ ಕಳೆದುಹೋಗುತ್ತಾರೆ, ಅಷ್ಟೇ ಎತ್ತರ. ಆದರೆ ಚೆಂಡು ಕೈಗೆ ಬಂದರೆ ನೆಲ ಸುಡುತ್ತಿದೆಯೇನೋ ಅನ್ನುವ ಹಾಗೆ ಆಡುತ್ತಾರೆ.

ಅಲ್ಲಿನ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಗಳ ಹೆಸರು. ನನ್ನ ತಂಡದ್ದು ನೇರಳೆ ಜೆರ್ಸಿ. ಅದನ್ನು ನೇರಳೆ ತಂಡ ಅಂತಲೇ ಕರೆಯುತ್ತೇನೆ. ಅದರ ಹದಿನಾಲ್ಕನೇ ನಂಬರ್ ರೋಡೆಲ್. ಚೆಂಡು ತಂದು ಆಟ ಕಟ್ಟುವವನು. ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ ಪಾಸ್ ಕೊಡುತ್ತಿದ್ದ. ಪಾಸ್ ಸಿಕ್ಕಿದವನಿಗೇ ಆಶ್ಚರ್ಯವಾಗುತ್ತಿತ್ತು. ಅವನಿಗಾಗಿಯೇ ನಾನು ಆ ತಂಡ ಹಿಡಿದದ್ದು.

ಈಚಿನ ಎರಡು ವರ್ಷದಲ್ಲಿ ತಂಡ ಸೋಲತೊಡಗಿತು. ಕೋಚ್ ಮಾತ್ರ ಪ್ರತಿ ಪಂದ್ಯದಲ್ಲೂ ಮೊದಲ ಐವರಲ್ಲಿ ರೋಡೆಲ್‌ನನ್ನೇ ಇಳಿಸುತ್ತಿದ್ದ. ಮೂರನೇ ನಂಬರಿನ ಚುರುಕು ಆಟಗಾರನೊಬ್ಬ ಬೆಂಚಿನಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಹೊಳೆನರಸೀಪುರದಲ್ಲಿ ಈ ಸಂಕಟ ಹೇಳಿಕೊಳ್ಳಲು ನನಗೆ ಒಂದು ನರಪ್ರಾಣಿಯೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರಿಗೆ ಹೇಳಿದರೆ, "ಯಾವ ದೇಶದ್ದು ಮೇಡಂ?" ಅಂತ ದಿನಾ ಹೊಸದಾಗಿ ಕೇಳುತ್ತಿದ್ದರು. ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆ ಓಡುತ್ತದೆ. ಚೆಂಡು ಕೈಯಲ್ಲಿಲ್ಲದಾಗ ಹದಿನಾಲ್ಕನೇ ನಂಬರ್ ಏನು ಮಾಡುತ್ತಾನೆ? ಅದು ಫೋನಿನಲ್ಲಿ ಕಾಣುವುದಿಲ್ಲ.

ದಸರಾ ರಜೆಗೆ ಮನಿಲಾಕ್ಕೆ ಟಿಕೆಟ್ ತೆಗೆಸಿದೆ. ನಮ್ಮ ಮನೆಯವರಿಗೆ ವಿಮಾನವೆಂದರೆ ಭಯ. ಅರಕಲಗೂಡಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ತಮ್ಮ ಲೋಕೇಶನನ್ನು ಜೊತೆಗೆ ಗಂಟುಹಾಕಿದರು.

"ಅಲ್ಲಾ ಕಣಕ್ಕಾ, ಚೆಂಡಾಟ ನೋಡಕ್ಕೆ ಸಮುದ್ರ ದಾಟ್ಬೇಕಾ? ಆಸನದ ಸ್ಟೇಡಿಯಮ್ನಾಗೇ ಆಡ್ತಾರಲ್ಲ?" ಅಂದ.

"ಬಂದ್ರೆ ಬಾ, ಇಲ್ದಿದ್ರೆ ಒಬ್ಳೇ ಓಯ್ತೀನಿ ಕಣ್ಲಾ."

"ಓಯ್ತೀಯ, ಓಯ್ತೀಯ. ನಿನ್ ಕಾಲು ಯಾವತ್ತು ಒಂದ್ಕಡೆ ನಿಂತದೆ?"

ವಿಮಾನದಲ್ಲಿ ನಾನು ಆರು ಸಲ ಎದ್ದೆ. ಆರನೆಯ ಸಲ ಗಗನಸಖಿ ಬಂದು ಆರೋಗ್ಯ ಸರಿಯಿಲ್ಲವೇ ಎಂದು ಕೇಳಿದಳು. ಲೋಕೇಶ ಕಣ್ಣು ಮುಚ್ಚಿಕೊಂಡೇ, "ಇವ್ಳು ಉಟ್ಟಿದ್ದೇ ಇಂಗೆ, ಬುಡಮ್ಮ" ಅಂದ. ಅವಳಿಗೆ ಅರ್ಥವಾಯಿತೋ ಏನೋ, ನಕ್ಕು ಹೋದಳು.

ಮನಿಲಾ: ಮೊದಲ ಎರಡು ದಿನ

ಪಂದ್ಯಕ್ಕೆ ಇನ್ನೂ ಎರಡು ದಿನ ಇತ್ತು. ಹೋಟೆಲಿನ ಕಿಟಕಿಯಿಂದ ಕೆಳಗೆ ನೋಡಿದರೆ ಗಲ್ಲಿಯ ಲೈಟುಕಂಬಕ್ಕೆ ಬಳೆ ಹೊಡೆದಿತ್ತು. ಬಳೆ ಅಂದರೆ ಚೆಂಡು ಹಾಕುವ ರಿಂಗು. ನಡೆಯುತ್ತ ಹೋದಂತೆ ಎಲ್ಲ ಕಡೆ ಅದೇ. ಚರ್ಚಿನ ಅಂಗಳದಲ್ಲಿ, ತೆಂಗಿನ ಮರಕ್ಕೆ, ಮೀನಿನ ಮಾರ್ಕೆಟ್ಟಿನ ಹಿಂಬದಿ ಗೋಡೆಗೆ. ನಮ್ಮ ಜಿಲ್ಲೆಯಲ್ಲಿ ಮೂರು ಇಟ್ಟಿಗೆ ಜೋಡಿಸಿಟ್ಟರೆ ವಿಕೆಟ್ ಆಗುವ ಹಾಗೆ ಇಲ್ಲಿ ಒಂದು ಕಬ್ಬಿಣದ ಪಟ್ಟಿ ಬಗ್ಗಿಸಿದರೆ ಕೋರ್ಟ್ ಆಗುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಆಡುತ್ತಾರೆ. ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ ಹಾರುತ್ತದೆ, ಆದರೂ ಚೆಂಡು ಬಳೆಯೊಳಗೇ ಬೀಳುತ್ತದೆ. ನಮ್ಮ ಶಾಲೆಗೆ ಬೋರ್ಡು ಹಾಕಿಸಲು ನಾನು ಬರೆದ ಅರ್ಜಿಗಳು ನೆನಪಾಗಿ ಹೊಟ್ಟೆ ಉರಿಯಿತು.

ಲೋಕೇಶನ ಕಷ್ಟ ಬೇರೆ. ನಾವು ಮೊಟ್ಟೆಯನ್ನೂ ಮುಟ್ಟದ ಮನೆಯವರು. ಊರಿನ ತುಂಬ ಅನ್ನವಿದೆ, ಅನ್ನ ಕಂಡು ಅವನಿಗೆ ಜೀವ ಬಂತು. ಆದರೆ ಅನ್ನದ ಮೇಲೆ ಹಾಕುವುದೆಲ್ಲ ಓಡಾಡಿದ್ದು, ಈಜಾಡಿದ್ದು. ಬದನೆ, ಹಾಗಲ, ಕುಂಬಳ ಕಾಣುತ್ತಿದ್ದ ಪಲ್ಯವೊಂದನ್ನು ಬೆರಳು ತೋರಿಸಿ ಹಾಕಿಸಿಕೊಂಡ. ಎರಡು ತುತ್ತಿನ ನಂತರ ಒಂದು ಸಣ್ಣ ಸಿಗಡಿ ತನ್ನ ಮೀಸೆ ಸಮೇತ ತಟ್ಟೆಯಲ್ಲಿ ಎದ್ದು ಕಂಡಿತು. ಅಲ್ಲಿಂದ ಮುಂದೆ ಅವನು ಊರಿಂದ ತಂದ ಹುರಿಗಡಲೆ ಚಟ್ನಿಪುಡಿ ಬಿಟ್ಟು ಬೇರೇನನ್ನೂ ನಂಬಲಿಲ್ಲ.

ಜನ ಮಾತ್ರ ತೀರ ನಮ್ಮವರ ಹಾಗೆ. ಗುರುತಿಲ್ಲದವರನ್ನೂ ಅಕ್ಕ, ಅಣ್ಣ ಅಂತಲೇ ಕೂಗುತ್ತಾರೆ, ಅವರ ಭಾಷೆಯಲ್ಲಿ. ದಾರಿ ತೋರಿಸಲು ಮಾತ್ರ ಕೈ ಎತ್ತುವುದಿಲ್ಲ. ತುಟಿ ಮುಂದೆ ಮಾಡಿ ಆ ದಿಕ್ಕಿಗೆ ಚಾಚುತ್ತಾರೆ. ಇದು ನಮಗೆ ಗೊತ್ತಿರಲಿಲ್ಲ. ಪಂದ್ಯದ ದಿನ ಸ್ಟೇಡಿಯಮ್ಮಿನ ಕಾವಲುಗಾರನನ್ನು ಒಳಗೆ ಹೋಗುವ ಬಾಗಿಲು ಯಾವುದು ಎಂದು ಕೇಳಿದೆ. ಅವನು ನನ್ನ ಕಡೆ ನೋಡಿ ತುಟಿ ಚಾಚಿದ. ಲೋಕೇಶ ನನ್ನನ್ನು ಹಿಂದಕ್ಕೆಳೆದು ಮುಂದೆ ನಿಂತ.

"ಏನಯ್ಯಾ ಅದು? ವಯಸ್ಸಾದ ಎಂಗಸು ಅಂತ್ಲಾದ್ರೂ ನೋಡ್ಬಾರ್ದಾ?"

ಕಾವಲುಗಾರ ಗಾಬರಿಯಾಗಿ ಇನ್ನೂ ಜೋರಾಗಿ ತುಟಿ ಚಾಚಿದ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ನಗುತ್ತ ನಮ್ಮನ್ನು ಕರೆದುಕೊಂಡು ಬಾಗಿಲವರೆಗೆ ಬಿಟ್ಟಳು.

ಗ್ಯಾಲರಿಯಲ್ಲಿ

ಒಳಗೆ ಚಳಿ. ಕೆಳಗೆ ಹೊಳೆಯುವ ಮರದ ನೆಲ. ಇಷ್ಟು ವರ್ಷ ಅಂಗೈಯಗಲ ಕಂಡದ್ದು ಈಗ ಕಣ್ಣು ತುಂಬ ಇತ್ತು. ನನಗೆ ಕೂರಲಾಗಲಿಲ್ಲ. ಎಡಗಡೆ ಲೋಕೇಶ ಶಾಲು ಹೊದ್ದು ಮುದುರಿದ್ದ. ಬಲಗಡೆ ಎಪ್ಪತ್ತರ ಆಸುಪಾಸಿನ ಹೆಂಗಸು, ನೇರಳೆ ಸ್ವೆಟರ್, ಮಡಿಲಲ್ಲಿ ಮಡಿಸಿದ ಟವೆಲ್. ಬಿಡಿಸಿದ ಕಡಲೆಕಾಯಿ ಬೀಜ ನನ್ನ ಕೈಗೂ ಹಾಕಿದರು.

ಆಟ ಶುರುವಾಯಿತು. ನಾನು ಚೆಂಡು ನೋಡಲೇ ಇಲ್ಲ. ಹದಿನಾಲ್ಕನ್ನೇ ನೋಡಿದೆ. ಐದು ನಿಮಿಷದಲ್ಲಿ ನನಗೆ ಬೇಕಾದದ್ದು ಕಂಡುಬಿಟ್ಟಿತು. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಲೋಕೇಶನಿಗೆ ಹೇಳಿದರೆ ಪ್ರಯೋಜನವಿಲ್ಲ. ಬಲಗಡೆಗೆ ತಿರುಗಿ ನನ್ನ ಇಂಗ್ಲಿಷಿನಲ್ಲಿ ಶುರುಮಾಡಿದೆ.

"ನೋಡಿ, ಹದಿನಾಲ್ಕನೇ ನಂಬರ್ ಎಡಕ್ಕೆ ನುಗ್ಗೋದೇ ಇಲ್ಲ. ಎಡಕ್ಕೆ ಹೋಗಬೇಕಾದ್ರೆ ಬಲಗಾಲು ಒತ್ತಬೇಕು. ಒತ್ತೋಕೆ ಅವನಿಗೆ ಭಯ. ಬಲಮಂಡಿ ಹೋಗಿದೆ."

ಆಕೆ ಕಡಲೆಬೀಜ ಬಾಯಿಗಿಡುವುದನ್ನು ನಿಲ್ಲಿಸಿದರು. "ಹೋಗಿದೆ ಅಂದರೆ?"

"ಮುಗಿದಿದೆ. ಚೆಂಡಿಲ್ಲದಾಗ ನೋಡಿ, ನಿಂತಾಗೆಲ್ಲ ಭಾರ ಪೂರ್ತಿ ಎಡಗಾಲ ಮೇಲೆ ಹಾಕ್ತಾನೆ. ಎದುರಿನವರಿಗೆ ಇದು ಗೊತ್ತಾಗಿದೆ, ಅದಕ್ಕೇ ಅವನ ಬಲಗಡೆ ಮಾತ್ರ ಕಾಯ್ತಾರೆ. ನಮ್ಮ ಕೋಚ್‌ಗೆ ಮಾತ್ರ ಗೊತ್ತಿಲ್ಲ. ಹಳೇ ಪ್ರೀತಿಗೆ ಇಳಿಸ್ತಿದಾನೆ. ಮೊದಲ ಐವರಲ್ಲಿ ಮೂರನೇ ನಂಬರ್ ಇರಬೇಕು. ಇವನು ಬೆಂಚಿಂದ ಬರಬೇಕು, ಎರಡನೇ ಕ್ವಾರ್ಟರಿಗೆ, ಎದುರು ತಂಡದ ಒಳ್ಳೇ ಆಟಗಾರರು ದಣಿದಾಗ. ಇಲ್ಲ ಅಂದ್ರೆ ಮನೇಲಿ ಕೂರಬೇಕು. ಹೀಗೇ ಆಡಿದರೆ ಇವನು ನಡೆಯೋಕೂ ಆಗದ ಹಾಗೆ ಆಗ್ತಾನೆ."

"ನೀವು ಡಾಕ್ಟರಾ?"

"ಶಾಲೆಯಲ್ಲಿ ಆಟದ ಟೀಚರ್."

ಆಕೆ ಮತ್ತೇನೂ ಕೇಳಲಿಲ್ಲ. ಕೇಳದಿದ್ದರೂ ನಾನು ಬಿಡಲಿಲ್ಲ. ಅರ್ಧ ವಿರಾಮದವರೆಗೂ, ಅದಾದ ಮೇಲೂ, ಅವನ ಒಂದೊಂದು ತಪ್ಪನ್ನೂ ಹೆಕ್ಕಿ ಹೆಕ್ಕಿ ಆಕೆಯ ಕಿವಿಗೆ ಹಾಕಿದೆ. ತಂಡ ಸೋತಿತು. ಹಿಂದಿನ ಸೋಲುಗಳಿಗಿಂತ ಕೆಟ್ಟದಾಗಿ.

ಜನ ಏಳುತ್ತಿದ್ದಾಗ ರೋಡೆಲ್ ನಾವಿದ್ದ ಕಡೆಗೇ ನಡೆದು ಬಂದ. ನಾನು ದುಪಟ್ಟಾ ಸರಿಮಾಡಿಕೊಂಡೆ. ಅವನು ಕಂಬಿಯ ಹತ್ತಿರ ಬಂದು ತಲೆ ಬಗ್ಗಿಸಿ, ನನ್ನ ಪಕ್ಕದ ಹೆಂಗಸಿನ ಕೈ ತೆಗೆದುಕೊಂಡು ತನ್ನ ಹಣೆಗೆ ಒತ್ತಿಕೊಂಡ. ನಾವು ಹಿರಿಯರ ಕಾಲಿಗೆ ನಮಸ್ಕಾರ ಮಾಡುವ ಹಾಗೆ ಅವರದು ಅದು. ಆಕೆ ಮಡಿಲಲ್ಲಿದ್ದ ಟವೆಲ್ಲಿನಿಂದ ಅವನ ಕತ್ತು ಒರೆಸಿದರು. ಅವನು ಏನೋ ಅಂದು ಹೊರಟುಹೋದ.

ಲೋಕೇಶನಿಗೆ ಇಂಗ್ಲಿಷ್ ಬಾರದಿದ್ದರೂ ಕಣ್ಣು ಇತ್ತು.

"ಅಕ್ಕಾ," ಅಂದ ಮೆಲ್ಲಗೆ. "ಅವನವ್ವ ಕಣಕ್ಕಾ."

ಕ್ಷಮಿಸಿ ಅಂದೆ. ಗೊತ್ತಿರಲಿಲ್ಲ ಅಂದೆ. ಎರಡು ಮೂರು ಸಲ ಅಂದೆ. ಆಕೆಗೆ ಕೋಪ ಬಂದಿರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಫೋನು ತೆಗೆದುಕೊಂಡು ಅದರಲ್ಲಿ ತಮ್ಮ ನಂಬರೂ ವಿಳಾಸವೂ ಒತ್ತಿಕೊಟ್ಟರು.

"ನಾಡಿದ್ದು ಶುಕ್ರವಾರ ಊಟಕ್ಕೆ ಬನ್ನಿ, ಟೀಚರ್. ಮಾತಾಡೋದಿದೆ."

ಮರಿಕಿನಾ

ಮನೆ ಇದ್ದದ್ದು ಮರಿಕಿನಾದಲ್ಲಿ, ಹೊಳೆ ದಂಡೆಯ ಊರು, ಮನೆಮನೆಯಲ್ಲೂ ಬೂಟು ಹೊಲಿಯುತ್ತಿದ್ದ ಊರಂತೆ. ಜೀಪ್‌ನಿ ಎಂಬ ಉದ್ದ ಮೂತಿಯ ವ್ಯಾನಿನಲ್ಲಿ ಹೋದೆವು. ಎದುರುಬದುರು ಬೆಂಚು, ಮಂಡಿಗೆ ಮಂಡಿ ತಾಗುತ್ತದೆ. ಇಳಿಯುವ ಜಾಗ ಬಂತು. ನಿಲ್ಲಿಸಿ ಅನ್ನಲು ಏನನ್ನಬೇಕೋ ತಿಳಿಯದೆ ನಾನು ತಡಬಡಿಸಿದೆ. ಲೋಕೇಶ ಚಾವಣಿ ತಟ್ಟಿ ನಮ್ಮ ಬಸ್ ಕಂಡಕ್ಟರುಗಳ ಧಾಟಿಯಲ್ಲಿ "ಓಲ್ಡಾನ್!" ಎಂದು ಕೂಗಿದ. ಗಾಡಿ ಗಕ್ಕನೆ ನಿಂತಿತು. ಆ ಪ್ರವಾಸದಲ್ಲಿ ಅವನು ಅತಿ ಹೆಚ್ಚು ಬೀಗಿದ್ದು ಆಗಲೇ.

ಆಕೆಯನ್ನು ಗಲ್ಲಿಯವರೆಲ್ಲ ನಾನಾಯ್ ಅನ್ನುತ್ತಿದ್ದರು. ಅಮ್ಮ ಅಂತ ಅರ್ಥ. ನಾನೂ ಹಾಗೇ ಕರೆದೆ. ಎರಡು ಅಂತಸ್ತಿನ ಚಿಕ್ಕ ಮನೆ, ಎದುರಿಗೆ ಗಲ್ಲಿಯ ಬಳೆ. ಮೂವತ್ತು ವರ್ಷ ಬೂಟು ಹೊಲಿದು ಸೊಟ್ಟಗಾದ ಬೆರಳುಗಳಿಂದ ಆಕೆ ಪಾತ್ರೆಯ ಮುಚ್ಚಳ ತೆಗೆದರು. ನಾವು ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಒಳಗೆ ಹೆಸರುಕಾಳು, ನುಗ್ಗೆಸೊಪ್ಪು.

ಲೋಕೇಶ ಬಗ್ಗಿ ವಾಸನೆ ನೋಡಿದ. "ಅಕ್ಕಾ, ಇದು ನಮ್ಮವ್ವನ ಸೊಪ್ಪಿನ ಪಲ್ಯ ಕಣೇ!" ಐದು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡ. ಮೂರು ಸಲ ಬಡಿಸಿಕೊಂಡ.

ಊಟ ಅರ್ಧವಾದಾಗ ನಾನಾಯ್ ಮಾತು ತೆಗೆದರು.

"ಎರಡು ವರ್ಷದಿಂದ ಮೆಟ್ಟಿಲು ಹತ್ತೋವಾಗ ಅವನು ಗೋಡೆ ಹಿಡೀತಾನೆ. ನಾನು ಕೇಳಿದರೆ ನಗ್ತಾನೆ. ಈ ಗಲ್ಲಿಯಲ್ಲಿ ಎಲ್ಲರೂ ಅವನಿಗೆ ಚಾಂಪಿಯನ್ ಅಂತಾರೆ. ಕೋಚ್ ಅವನನ್ನ ಮಗ ಅಂತಾನೆ. ನೀವು ಒಂದು ಗಂಟೆಯಲ್ಲಿ ಹೇಳಿದ್ದನ್ನ ಇಷ್ಟು ದಿನ ಯಾರೂ ಹೇಳಲಿಲ್ಲ. ಈಗ ಬರ್ತಾನೆ. ನನಗೆ ಹೇಳಿದ ಹಾಗೇ ಅವನಿಗೆ ಹೇಳಿ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟೆ. ಎದ್ದು ಗಲ್ಲಿಗೆ ಹೋದೆ. ಈ ತುದಿಯಿಂದ ಆ ತುದಿಗೆ ನಡೆದೆ, ತಿರುಗಿ ಬಂದೆ, ಮತ್ತೆ ನಡೆದೆ. ಲೋಕೇಶ ಹಿಂದೆಯೇ ಬಂದ. ವಿಷಯ ಹೇಳಿದೆ.

"ಬ್ಯಾಡ ಕಣಕ್ಕಾ. ನಮ್ಗ್ಯಾಕೆ ಬೇಕು? ಉಂಡಾಯ್ತು, ಕೈ ತೊಳ್ಕಂಡು ಒಂಟೋಗಾನ."

"ಫೋನ್ ಮುಂದೆ ಕುಂತ್ಕಂಡು ಇವ್ನ ಕೂರ್ಸಿ ಕೂರ್ಸಿ ಅಂತ ಎಷ್ಟು ಅರ್ಚಿದೀನಿ ಗೊತ್ತೇನ್ಲಾ?"

"ಫೋನ್ಗೆ ಕಿವಿ ಇರ್ಲಿಲ್ಲ. ಇವ್ನಿಗೆ ಅದೆ."

ಅಷ್ಟರಲ್ಲಿ ರೋಡೆಲ್ ಬಂದ. ಗಲ್ಲಿಯವರೆಲ್ಲ ಹೆಸರು ಹಿಡಿದು ಕೂಗಿದರು. ಟಿವಿಯಲ್ಲಿ ಕಾಣುವುದಕ್ಕಿಂತ ತೆಳ್ಳಗಿದ್ದ, ಕಿವಿಯ ಹತ್ತಿರ ನರೆ ಕೂದಲು. ನಾನು ಯಾರೆಂದು ತಾಯಿ ಹೇಳಿದಾಗ ಅವನ ಮುಖ ಅರಳಿಬಿಟ್ಟಿತು.

"ಇಂಡಿಯಾದಿಂದ ನನ್ನ ಆಟ ನೋಡೋಕೆ ಬಂದ್ರಾ? ನಿಜವಾಗ್ಲೂ?"

ಒಳಗೆ ಹೋಗಿ ತನ್ನದೊಂದು ಜೆರ್ಸಿ ತಂದು, ಸಹಿ ಹಾಕಿ, ಎರಡು ಕೈಯಲ್ಲಿ ಕೊಟ್ಟ. ಏಳು ವರ್ಷದ ಹಿಂದಿನ ಒಂದು ಪಾಸ್ ನೆನಪಿದೆಯಾ ಅಂತ ಕೇಳಿದರೆ, ಇದೆ ಅಂದೆ. ಅದನ್ನು ನಾನು ಹಳೇ ವಿಡಿಯೋಗಳಲ್ಲಿ ಹುಡುಕಿ ನೋಡಿದ್ದೆ. ಗಲ್ಲಿಯಲ್ಲಿ ಚೆಂಡು ತಟ್ಟುತ್ತ ಅದನ್ನು ಆಡಿಯೂ ತೋರಿಸಿದ. ಇಷ್ಟು ಸಂತೋಷದಲ್ಲಿದ್ದವನಿಗೆ ಏನು ಹೇಳುವುದು? ನಾನು ಜೆರ್ಸಿ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದೆ. ಬಾಗಿಲಲ್ಲಿ ನಾನಾಯ್ ನನ್ನನ್ನೇ ನೋಡುತ್ತಿದ್ದರು.

"ರೋಡೆಲ್," ಅಂದೆ. "ಎಡಗಡೆಗೆ ಒಂದು ಸಲ ಹೋಗಿ ತೋರಿಸಿ."

ಅವನ ಕೈ ನಿಂತಿತು. ಚೆಂಡು ಎರಡು ಸಲ ತಾನೇ ಪುಟಿದು ಚರಂಡಿ ಪಕ್ಕಕ್ಕೆ ಉರುಳಿತು.

"ಅಮ್ಮ ಹೇಳಿಸ್ತಿದಾಳಾ?"

"ಇಲ್ಲ. ಅವರು ನಿಮ್ಮ ಅಮ್ಮ ಅಂತ ಗೊತ್ತಾಗೋಕೆ ಮುಂಚೆನೇ ನಾನು ಅವರಿಗೆ ಹೇಳಿದ್ದೆ. ಬಲಮಂಡಿ ಪೂರ್ತಿ ಹೋಗೋಕೆ ಮುಂಚೆ ಚಿಕಿತ್ಸೆ ಮಾಡಿಸಿ. ಮೂರನೇ ನಂಬರ್ ಶುರು ಮಾಡಲಿ. ನೀವು ಆಮೇಲೆ ಬನ್ನಿ."

"ನೀವು ಭಾನುವಾರದ ಮ್ಯಾಚ್ ನೋಡಿ ಊರಿಗೆ ಹೋಗ್ತೀರಿ," ಅಂದ. ದನಿ ಎತ್ತಲಿಲ್ಲ. "ಸೋಮವಾರ ನಾನು ಏನು ಮಾಡಲಿ, ಟೀಚರ್? ಹದಿನೈದು ವರ್ಷದಿಂದ ಎದ್ದ ತಕ್ಷಣ ಏನು ಮಾಡಬೇಕು ಅಂತ ನನಗೆ ಗೊತ್ತಿದೆ. ಅದೊಂದೇ ಗೊತ್ತಿರೋದು."

ಮಾತಿಗೆ ಬದಲು ಬಗ್ಗಿ ಚೂಡಿದಾರದ ಕಾಲು ಮಂಡಿಯ ಮೇಲಕ್ಕೆ ಎತ್ತಿದೆ. ಗಲ್ಲಿಯಲ್ಲಿ, ಅಷ್ಟು ಜನರ ಎದುರು. ಮಂಡಿಯ ಸುತ್ತ ಹಳೇ ಹೊಲಿಗೆಯ ಗೆರೆ ಇದೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ರಾಜ್ಯ ಬ್ಯಾಸ್ಕೆಟ್‌ಬಾಲ್ ತಂಡದ ಆಯ್ಕೆ ಇತ್ತು. ಮಂಡಿ ಊದಿಕೊಂಡಿತ್ತು, ಯಾರಿಗೂ ಹೇಳದೆ ಆಡಿದೆ, ಹಾಸನದ ಕೋರ್ಟಿನಲ್ಲಿ ಬಿದ್ದೆ. ಆಮೇಲೆ ಮಕ್ಕಳನ್ನು ಓಡಿಸಿದೆ, ನಾನು ಓಡಲಿಲ್ಲ.

ಲೋಕೇಶ ಬೂಟುಗಾಲಿನಿಂದ ನೆಲ ಕೆರೆಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಕನ್ನಡದಲ್ಲೇ ಶುರುಮಾಡಿದ. "ಅವ್ನಿಗೆ ಏಳಕ್ಕಾ. ದಿನಾ ಬೆಳಗ್ಗೆ ಉಪ್ಪಿನ ಗಂಟು ಬಿಸಿ ಮಾಡಿ ಇವ್ಳ ಮಂಡಿಗೆ ಇಡ್ತಿದ್ದೋನು ನಾನೇ. ಅಪ್ಪಂಗೆ ಏಳ್ಬೇಡ ಅಂದ್ಲು, ಏಳ್ಲಿಲ್ಲ. ಮೇಷ್ಟ್ರಿಗೆ ಏಳ್ಬೇಡ ಅಂದ್ಲು, ಏಳ್ಲಿಲ್ಲ. ನಂಗೆ ಆಗ ಅದಿನೇಳು. ಆಡ್ಬೇಡ ಕಣಕ್ಕಾ ಅಂತ ಒಂದ್ಮಾತು ಅನ್ಬೋದಿತ್ತು. ಅನ್ಲಿಲ್ಲ. ಈವತ್ಗೂ ಇವ್ಳು ಮೆಟ್ಲು ಅತ್ತೋವಾಗ ನಾನು ಆ ಕಡೆ ನೋಡಕ್ಕಿಲ್ಲ."

ಮೂವತ್ತು ವರ್ಷದಲ್ಲಿ ನನ್ನ ತಮ್ಮ ಈ ಮಾತು ನನಗೆ ಹೇಳಿರಲಿಲ್ಲ. ಯಾವುದೋ ದೇಶದ ಗಲ್ಲಿಯಲ್ಲಿ, ಭಾಷೆ ಬಾರದವನೊಬ್ಬನಿಗೆ ಹೇಳುತ್ತಿದ್ದ. ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

ರೋಡೆಲ್ ಲೋಕೇಶನನ್ನೇ ಬಹಳ ಹೊತ್ತು ನೋಡಿದ. ನನ್ನ ಕಡೆ ನೋಡಲಿಲ್ಲ. ತಾಯಿಯ ಕಡೆಯೂ ನೋಡಲಿಲ್ಲ. ಊಟ ಮಾಡದೆ ಹೊರಟುಹೋದ. ನಾನಾಯ್ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ನಮ್ಮನ್ನು ಗಲ್ಲಿಯ ತುದಿಯವರೆಗೆ ಬಂದು ಬಿಟ್ಟರು.

ಭಾನುವಾರ

ಶನಿವಾರ ಮಳೆ ಹೊಯ್ಯಿತು. ಹೋಟೆಲಿನ ರೂಮಿನಲ್ಲಿ ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಜೆರ್ಸಿಯನ್ನು ಒಮ್ಮೆ ಚೀಲದೊಳಗಿಟ್ಟೆ, ಒಮ್ಮೆ ಹೊರಗೆ ತೆಗೆದೆ. ಹಿಂದಿರುಗಿಸಬೇಕೇನೋ ಅನ್ನಿಸಿತು. "ಕುಂತ್ಕಳಕ್ಕಾ ಒಂದ್ಗಳಿಗೆ, ನೆಲ ಸವೀತದೆ" ಅಂದ ಲೋಕೇಶ. ನಿನ್ನೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಂಜೆ ಮೆಟ್ಟಿಲಿಳಿಯುವಾಗ ಮಾತ್ರ ಅವನು ನನ್ನ ಮುಂದೆ, ಒಂದೇ ಮೆಟ್ಟಿಲು ಕೆಳಗೆ, ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ಇಳಿದ.

ಭಾನುವಾರ ಐದಕ್ಕೆ ಪಂದ್ಯ. ಜೆರ್ಸಿ ಚೀಲದಲ್ಲೇ ಇತ್ತು, ಹಾಕಿಕೊಳ್ಳುವ ಧೈರ್ಯವಿರಲಿಲ್ಲ. ನಾನಾಯ್ ತಡವಾಗಿ ಬಂದು ಪಕ್ಕದಲ್ಲಿ ಕೂತರು.

"ಎರಡು ದಿನದಿಂದ ನನ್ನ ಹತ್ತಿರ ಮಾತಾಡಿಲ್ಲ," ಅಂದರು. ಕಡಲೆಬೀಜ ಮಾತ್ರ ಎಂದಿನಂತೆ ನನ್ನ ಕೈಗೆ ಹಾಕಿದರು.

ದೀಪ ಆರಿಸಿ ಒಬ್ಬೊಬ್ಬರದೇ ಹೆಸರು ಕೂಗಿದರು. ನೇರಳೆ ತಂಡದ ಐದನೆಯ ಹೆಸರು ರೋಡೆಲ್‌ನದು. ಜನ ಎದ್ದು ನಿಂತು ಕಿರುಚಿದರು. ನಾನು ಏಳಲಿಲ್ಲ.

ಮೊದಲ ನಿಮಿಷದಲ್ಲೇ ಎದುರಿನವನು ಅವನನ್ನು ದಾಟಿಕೊಂಡು ಹೋದ. ಮುಂದಿನ ಸಲವೂ. ಮೂರನೆಯ ಸಲ ರೋಡೆಲ್ ಎಡಕ್ಕೆ ನುಗ್ಗಲು ಹೋದ. ಬಲಗಾಲು ಒತ್ತಿದ. ನಾನು ಕಂಡೆ, ಪಕ್ಕದ ತಾಯಿ ಕಂಡರು. ಉಳಿದ ಸಾವಿರಾರು ಜನಕ್ಕೆ ಅದು ಬರೀ ಒಂದು ಎಡವು. ಚೆಂಡು ಹೊರಗೆ ಹೋಯಿತು. ಅವನು ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಬೆಂಚಿನ ಕಡೆ ತಿರುಗಿ, ಮುಷ್ಟಿ ಕಟ್ಟಿ ತನ್ನ ತಲೆಯ ಮೇಲೆ ಎರಡು ಸಲ ತಟ್ಟಿಕೊಂಡ.

ಬ್ಯಾಸ್ಕೆಟ್‌ಬಾಲ್ ಆಡಿದವರಿಗೆ ಈ ಸನ್ನೆ ಗೊತ್ತು. ನನ್ನನ್ನು ಹೊರಗೆ ಕರೆಯಿರಿ ಅಂತ.

ಕೋಚ್ ಬೇಡ, ಆಡು ಅಂತ ಕೈ ಬೀಸಿದ. ರೋಡೆಲ್ ಮತ್ತೆ ತಟ್ಟಿಕೊಂಡ. ಇಷ್ಟು ವರ್ಷದಲ್ಲಿ ಅವನು ಆ ಸನ್ನೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಮೂರನೇ ನಂಬರ್ ಎದ್ದು ಬಂದ. ರೋಡೆಲ್ ಅವನ ಕುತ್ತಿಗೆಗೆ ಕೈ ಹಾಕಿ, ತಲೆಗೆ ತಲೆ ತಾಗಿಸಿ ಏನೋ ಹೇಳಿ, ಹೊರಗೆ ನಡೆದ. ಬೆಂಚಿನಲ್ಲಿ ಕೂತು ಎಲ್ಲರೂ ನೋಡುವ ಹಾಗೆ ಮಂಡಿಗೆ ಐಸಿನ ಚೀಲ ಕಟ್ಟಿಸಿಕೊಂಡ. ಕಿರುಚುತ್ತಿದ್ದ ಗ್ಯಾಲರಿ ಮೆಲ್ಲಗೆ ಸುಮ್ಮನಾಯಿತು.

ಆಮೇಲೆ ನಡೆದದ್ದು ನಾನು ಎರಡು ವರ್ಷದಿಂದ ಹೇಳುತ್ತಿದ್ದದ್ದೇ. ಮೂರನೇ ನಂಬರ್ ಎರಡೂ ಕಡೆ ನುಗ್ಗಿದ. ಎದುರಿನವರ ಕಾವಲು ಹರಿದುಹೋಯಿತು. ಸೋಲುತ್ತಿದ್ದ ತಂಡ ಅರ್ಧ ವಿರಾಮಕ್ಕೆ ಸಮ ಮಾಡಿ, ಕೊನೆಯ ಕ್ವಾರ್ಟರಿನಲ್ಲಿ ಮುಂದೆ ಹೋಯಿತು. ಆಟದ ತಲೆಬುಡ ಗೊತ್ತಿಲ್ಲದ ಲೋಕೇಶ ಕುರ್ಚಿಯ ಮೇಲೆ ನಿಂತು, "ಆಕ್ಲಾ ಮಗ್ನೇ, ಆಕು!" ಎಂದು ಶಾಲು ಬೀಸುತ್ತಿದ್ದ. ಸುತ್ತಲಿನವರು ಅವನ ಜೊತೆ ಸೇರಿ "ಆಕು, ಆಕು" ಅನ್ನತೊಡಗಿದರು.

ನನ್ನ ಲೆಕ್ಕ ಸರಿಯಾಗಿತ್ತು. ನನಗೆ ಮಾತ್ರ ಕುಣಿಯಲಾಗಲಿಲ್ಲ. ಪ್ರತಿ ಸಲ ಆಟ ನಿಂತಾಗಲೂ ನನ್ನ ಕಣ್ಣು ಬೆಂಚಿನ ಕಡೆ ಹೋಗುತ್ತಿತ್ತು, ಈಗ ಎದ್ದು ಬರುತ್ತಾನೇನೋ ಅಂತ. ಬರಲಿಲ್ಲ. ಅವನು ಒಂದು ಕಾಲಿನ ಮೇಲೆ ನಿಂತು, ಟವೆಲ್ ಬೀಸುತ್ತ, ಮೂರನೇ ನಂಬರಿಗೆ ಏನೇನೋ ಕೂಗುತ್ತಲೇ ಇದ್ದ.

ಗೆದ್ದ ಸದ್ದು ಇಳಿಯುತ್ತಿದ್ದಾಗ ನಾನಾಯ್ ನನ್ನ ಕಡೆ ತಿರುಗಿದರು. ಅಳುತ್ತಿರಬಹುದು ಅಂದುಕೊಂಡಿದ್ದೆ. ಇಲ್ಲ.

"ಇವತ್ತೇ ನಾನು ಆಟ ನೋಡಿದ್ದು, ಟೀಚರ್," ಅಂದರು. "ಇಷ್ಟು ವರ್ಷ ಅವನ ಕಾಲು ಮಾತ್ರ ನೋಡ್ತಿದ್ದೆ. ಚೆನ್ನಾಗಿದೆ ಈ ಆಟ."

ರೋಡೆಲ್ ಆ ದಿನ ಕಂಬಿಯ ಹತ್ತಿರ ಬರಲಿಲ್ಲ. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ಹೋದ. ನಾನು ಇದ್ದೇನೋ ಇಲ್ಲವೋ ಅಂತ ಕೂಡ ನೋಡಲಿಲ್ಲ. ಮರುದಿನ ನಾವು ವಿಮಾನ ಹತ್ತಿದೆವು.

ಹೊಳೆನರಸೀಪುರ

ರಜೆ ಮುಗಿದಿತ್ತು. ಏನು ತಂದಿರಿ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರು. ಒಣಗಿದ ಮಾವಿನ ಹಣ್ಣು ಹಂಚಿದೆ. ಜೆರ್ಸಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ನಾಲ್ಕೂವರೆ ಆದರೂ ಎರಡು ವಾರ ಫೋನು ತೆರೆಯಲಿಲ್ಲ. ಗ್ರೌಂಡಿನಲ್ಲೇ ಇದ್ದು ಮಕ್ಕಳಿಗೆ ಸಾಕಾಗುವವರೆಗೆ ಆಡಿಸಿದೆ. ಒಬ್ಬ ಮನುಷ್ಯನಿಗೆ ಬೇರೆ ದೇಶದಿಂದ ಹೋಗಿ, ಅವನ ಮನೆಯಲ್ಲಿ ಉಂಡು, ನಿನ್ನದು ಮುಗಿಯಿತು ಅಂತ ಹೇಳಿ ಬಂದಿದ್ದೆ. ಸರಿ ಹೇಳಿದೆನೋ ತಪ್ಪು ಹೇಳಿದೆನೋ ಅನ್ನುವುದಕ್ಕಿಂತ, ಸೋಮವಾರ ಏನು ಮಾಡಲಿ ಅಂತ ಅವನು ಕೇಳಿದ್ದೇ ಬೆಳಗಾದರೆ ತಲೆಯಲ್ಲಿ ತಿರುಗುತ್ತಿತ್ತು. ಲೋಕೇಶನಿಗೆ ಫೋನ್ ಮಾಡಿ ಹೇಳಿದರೆ, "ನೀನೂ ಕೇಳ್ಕಂಡಿದ್ದೆ ಬುಡಕ್ಕಾ ಅದನ್ನ. ಆಮ್ಯಾಕೆ ಪೀಟಿ ಮಿಸ್ಸಾಗ್ಲಿಲ್ವಾ?" ಅಂದ.

ನಾನಾಯ್ ಅವರಿಂದ ಒಂದು ಸಂದೇಶ ಬಂತು. ಮಂಡಿಗೆ ಆಪರೇಷನ್ ಆಯಿತು. ಈ ಸೀಸನ್ ಆಡುವುದಿಲ್ಲ. ಮುಂದೆ ಆಡುತ್ತಾನೋ ಇಲ್ಲವೋ ಡಾಕ್ಟರು ಹೇಳಿಲ್ಲ. ತಾಯಿಯ ಮನೆಗೇ ಬಂದು ಇದ್ದಾನೆ. ಅಷ್ಟೇ ಬರೆದಿದ್ದರು. ಬೇಗ ವಾಸಿಯಾಗಲಿ ಅಂತ ಬರೆದು, ಅದರ ಮುಂದೆ ಇನ್ಯಾವ ಮಾತೂ ಸರಿಯಾಗಿ ಕಾಣದೆ ಹಾಗೇ ಕಳಿಸಿದೆ.

ಡಿಸೆಂಬರಿನ ಒಂದು ಸಂಜೆ ಧೈರ್ಯ ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಪಂದ್ಯ ಹಾಕಿಕೊಂಡೆ. ಸ್ಟಾಫ್ ರೂಮು ಖಾಲಿಯಾಗಿತ್ತು. ನೇರಳೆ ತಂಡ ಚೆನ್ನಾಗಿಯೇ ಆಡುತ್ತಿತ್ತು. ಮೂರನೇ ಕ್ವಾರ್ಟರಿನ ಮಧ್ಯದಲ್ಲಿ ಕೋಚ್ ಇದ್ದಕ್ಕಿದ್ದ ಹಾಗೆ ಮೂರನೇ ನಂಬರ್‌ನನ್ನು ಕರೆದು ಕೂರಿಸಿದ. ನಾನು ಮೇಜು ಗುದ್ದಿದೆ. ಅದೇ ಗಳಿಗೆಗೆ ಫೋನಿನಲ್ಲಿ ನಾನಾಯ್ ಕರೆ ಮಿನುಗಿತು. ಎತ್ತಿದರೆ ಆ ಕಡೆಯಿಂದ ಗಂಡಸಿನ ದನಿ.

"ಟೀಚರ್, ನೋಡ್ತಿದೀರಾ? ಅವನನ್ನ ಯಾಕೆ ಕೂರಿಸಿದ?"

ರೋಡೆಲ್. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ನಾನೂ ಅದನ್ನೇ ಕೇಳ್ತಿದೀನಿ," ಅಂದೆ. "ನಾಲ್ಕು ಫೌಲ್ ಆಗಿದೆ, ಇನ್ನೆರಡಾದ್ರೆ ಪೂರ್ತಿ ಹೊರಗೆ. ಅದಕ್ಕಿರಬೇಕು."

"ಫೌಲ್ ಆದ್ರೆ ಏನು? ಆಟ ಕೈಗೆ ಬಂದಿರೋವಾಗ ಕೂರಿಸ್ತಾರಾ?"

"ಕೂರಿಸಬೇಕು. ಕೊನೇ ಐದು ನಿಮಿಷಕ್ಕೆ ಅವನು ಬೇಕು."

"ಅಲ್ಲಿವರೆಗೆ ಆಟ ಇರುತ್ತಾ? ಹನ್ನೊಂದನೇ ನಂಬರ್‌ಗೆ ಚೆಂಡು ಕೊಟ್ಟರೆ ಕಳೀತಾನೆ. ನೋಡಿ, ಕಳೆದ! ಹೇಳಿದೆನಾ?"

ಹಿಂದಿನಿಂದ ನಾನಾಯ್, ಕಾಲು ಕೆಳಗೆ ಬಿಡಬೇಡ ಅಂತಲೋ ಏನೋ ಗದರಿದ್ದು ಕೇಳಿಸಿತು. ಅವನು ತಿರುಗಿ ಏನೋ ಅಂದ. ತಾಯಿ ಮಗ ಇಬ್ಬರೂ ಜೋರಾಗಿ ಜಗಳವಾಡಿದರು. ನಾನು ಹನ್ನೊಂದನೇ ನಂಬರಿನ ಪರ ವಹಿಸಿದೆ, ಅವನು ಒಪ್ಪಲಿಲ್ಲ. ಒಪ್ಪದೆ ಇರಲು ಅವನ ಹತ್ತಿರ ಒಳ್ಳೆಯ ಕಾರಣಗಳೇ ಇದ್ದವು; ನಾನು ಕಾಣದ್ದೆಲ್ಲ ಅವನಿಗೆ ಕಾಣುತ್ತಿತ್ತು. ಕೊನೆಯ ಕ್ವಾರ್ಟರ್ ಶುರುವಾಯಿತು. ಮೂರನೇ ನಂಬರ್ ಎದ್ದು ಬಂದ. ನಾವಿಬ್ಬರೂ ಮಾತು ನಿಲ್ಲಿಸಿದೆವು. ಫೋನು ಮಾತ್ರ ಯಾರೂ ಇಡಲಿಲ್ಲ.